ಎತ್ತರವಿಲ್ಲದ ‘ಉನ್ನತಸ್ಥಳ’: ಹೀಬ್ರೂ ‘ಬಾಮಾ’ ಪದವೂ ಅಮರಗೋಳದ ಬನಶಂಕರಿಯೂ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ಅಮರಗೋಳದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಬನಶಂಕರಿ ದೇವಾಲಯವಿದೆ. ದೇವಿಯ ಹೆಸರಿನ ಮೊದಲ ಘಟಕವಾದ ‘ಬನ’ವು ಸಂಸ್ಕೃತ ‘ವನ’ದ ತದ್ಭವ. ಆದರೆ ಇಲ್ಲಿರುವುದು ಕೆತ್ತಿದ ಕಲ್ಲಿನ ಕಟ್ಟಡ; ಇಂದು ಅಮರಗೋಳವೆಂದರೆ ಹುಬ್ಬಳ್ಳಿಯವರಿಗೆ ಮೊದಲು ನೆನಪಾಗುವುದು ಕೃಷಿ ಮಾರುಕಟ್ಟೆಯ ಪ್ರಾಂಗಣ. ಬಾದಾಮಿಯ ಬಳಿಯ ಕ್ಷೇತ್ರದಿಂದ ಪ್ರಸಿದ್ಧವಾದ ಹೆಸರನ್ನು ಹೊತ್ತ ದೇವಿಯ ಸುತ್ತ ಬನವಿರಲೇಬೇಕೆಂದು ಯಾವ ಇತಿಹಾಸಕಾರನೂ ವಾದಿಸಲಾರ. ಪದದ ವ್ಯುತ್ಪತ್ತಿ ಒಂದು, ಪ್ರಯೋಗದಲ್ಲಿ ಅದು ಪಡೆಯುವ ಅರ್ಥ ಇನ್ನೊಂದು. ಈ ಸರಳ ವಿವೇಕವು ಪ್ರಾಚೀನ ಇಸ್ರಾಯೇಲಿನ ‘ಬಾಮಾ’ (ಬಹುವಚನ ‘ಬಾಮೋತ್’) ಎಂಬ ಪೂಜಾಸ್ಥಳಗಳ ಅಧ್ಯಯನದಲ್ಲಿ ಬಹುಕಾಲ ಪಾಲನೆಯಾಗಲಿಲ್ಲ. ಅದರ ಪರಿಣಾಮ ಕನ್ನಡ ಓದುಗರನ್ನೂ ಮುಟ್ಟಿದೆ ಎಂಬುದನ್ನು ಪ್ರಸ್ತುತ ಲೇಖನವು ತೋರಿಸಬಯಸುತ್ತದೆ.

‘ಬಾಮಾ’ ಪದದ ಸಜಾತಿ ರೂಪಗಳು ಉಗಾರಿಟಿಕ್ ಮತ್ತು ಅಕ್ಕಾಡಿಯನ್ ಭಾಷೆಗಳಲ್ಲಿವೆ. ಉಗಾರಿಟಿಕ್‌ನಲ್ಲಿ ಅದು ದೇಹದ ಬೆನ್ನಿನ ಭಾಗವನ್ನು ಸೂಚಿಸುತ್ತದೆ. ಹೀಬ್ರೂ ಕಾವ್ಯಭಾಗಗಳಲ್ಲಿ ಭೂಮಿಯ ‘ಬಾಮಾ’ಗಳ ಮೇಲೆ, ಸಮುದ್ರದ ‘ಬಾಮಾ’ಗಳ ಮೇಲೆ ದೇವರು ನಡೆಯುವ ವರ್ಣನೆಗಳಿವೆ, ಅಲ್ಲಿ ಬೆನ್ನು ಅಥವಾ ಏರು ಎಂಬ ಅರ್ಥ ಒಪ್ಪುತ್ತದೆ. ಗದ್ಯಭಾಗಗಳಲ್ಲಿ ಚಿತ್ರವೇ ಬೇರೆ. ಅಲ್ಲಿ ಬಾಮಾವನ್ನು ಜನರು ‘ಕಟ್ಟುತ್ತಾರೆ’, ‘ಮಾಡುತ್ತಾರೆ’, ‘ಕೆಡವುತ್ತಾರೆ’. ಗುಡ್ಡವನ್ನು ಯಾರೂ ಕಟ್ಟುವುದಿಲ್ಲ. ಅರಸುಗಳ ಮೊದಲನೆಯ ಗ್ರಂಥದ 14ನೆಯ ಅಧ್ಯಾಯವು ಜನರು ಎತ್ತರದ ಗುಡ್ಡಗಳ ಮೇಲೆಲ್ಲ ಬಾಮೋತ್‌ಗಳನ್ನು ಕಟ್ಟಿಕೊಂಡರೆಂದು ಹೇಳುವಾಗ ಗುಡ್ಡಕ್ಕೆ ಬೇರೆಯದೇ ಪದವನ್ನು ಬಳಸುತ್ತದೆ. ಬಾಮಾ ಎಂದರೇ ಗುಡ್ಡವಾಗಿದ್ದರೆ ಈ ವಾಕ್ಯ ಪುನರುಕ್ತಿಯಾಗುತ್ತಿತ್ತು. ಊರುಗಳ ಒಳಗೆ, ಊರಬಾಗಿಲ ಬಳಿ, ಹಿನ್ನೋಮ್ ಕಣಿವೆಯ ತಗ್ಗಿನಲ್ಲಿ ಕೂಡ ಬಾಮೋತ್‌ಗಳಿದ್ದವೆಂದು ಅದೇ ಗ್ರಂಥಸಮೂಹ ಹೇಳುತ್ತದೆ.

ಹೀಬ್ರೂವಿಗೆ ನೆರೆಯ ಭಾಷೆಯಾದ ಮೋವಾಬಿಯ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. 1868ರಲ್ಲಿ ಧೀಬಾನ್‌ನಲ್ಲಿ ಬೆಳಕಿಗೆ ಬಂದ, ಕ್ರಿ.ಪೂ. 9ನೆಯ ಶತಮಾನದ ಶಾಸನದಲ್ಲಿ ಅರಸ ಮೇಷನು ಕೆಮೋಷ್ ದೇವರಿಗೆ ಬಾಮಾವನ್ನು ಮಾಡಿಸಿದ್ದಾಗಿ ಹೇಳಿಕೊಂಡಿದ್ದಾನೆ. ಅಲ್ಲಿಯೂ ಅದು ಅರಸನು ಮಾಡಿಸಿದ ರಚನೆ.

ಎತ್ತರದ ಅರ್ಥವು ಪದಕ್ಕೆ ಗಟ್ಟಿಯಾಗಿ ಅಂಟಿಕೊಂಡದ್ದು ಅನುವಾದದಲ್ಲಿ. ಗ್ರೀಕ್ ಅನುವಾದಕರು ಮೂರು ಹಾದಿಗಳನ್ನು ಹಿಡಿದರು: ಅರಸುಗಳ ಗ್ರಂಥಗಳಲ್ಲಿ ‘ಎತ್ತರದವು’ ಎಂಬರ್ಥದ ಪದ, ಯೆರೆಮೀಯನಲ್ಲಿ ‘ಬಲಿಪೀಠ’ ಎಂಬರ್ಥದ ಪದ, ಸಮುವೇಲನ ಕಥೆಯಲ್ಲಿ ಊರ ಹೆಸರೋ ಎಂಬಂತೆ ‘ಬಾಮಾ’ ಎಂದೇ ಲಿಪ್ಯಂತರ. ಲ್ಯಾಟಿನ್, ಜರ್ಮನ್, ಇಂಗ್ಲಿಷ್ ಅನುವಾದಗಳಲ್ಲಿ ಮೊದಲ ಹಾದಿಯೇ ರಾಜಮಾರ್ಗವಾಯಿತು. ಹೀಗಾಗಿ ಇತಿಹಾಸಕಾರರು ಬಾಮಾವನ್ನು ಬೆಟ್ಟದ ತುದಿಗಳಲ್ಲಿ ಹುಡುಕಿದರು. ಅಂಥ ನೆಲೆಗಳು ಇರಲಿಲ್ಲವೆಂದಲ್ಲ. ಸಮಾರ್ಯದ ಉತ್ತರದ ಗುಡ್ಡವೊಂದರ ನೆತ್ತಿಯಲ್ಲಿ ಕಂಚಿನ ಗೂಳಿಯ ಪ್ರತಿಮೆ ದೊರೆತ ಬಯಲು ಪೂಜಾಸ್ಥಳವನ್ನು ಅಮಿಹಾಯ್ ಮಜಾರ್ ಉತ್ಖನನ ಮಾಡಿದ್ದಾರೆ. ಆದರೆ ತೇಲ್ ದಾನ್‌ನಲ್ಲಿ ಅವ್ರಹಾಮ್ ಬಿರಾನ್ ಬಾಮಾ ಎಂದು ಗುರುತಿಸಿದ್ದು ಪಟ್ಟಣದೊಳಗೆ ಕಲ್ಲಿನಿಂದ ಕಟ್ಟಿದ ವಿಶಾಲವಾದ ಜಗಲಿಯನ್ನು.

1957ರಲ್ಲಿ ಆಲ್‌ಬ್ರೈಟ್ ಬಾಮೋತ್‌ಗಳ ಮೂಲ ಸಮಾಧಿದಿಬ್ಬಗಳಲ್ಲಿದೆಯೆಂದು ವಾದಿಸಿದರು. ಬಾಯ್ಡ್ ಬ್ಯಾರಿಕ್ ಆ ವಾದದ ಆಧಾರಗಳನ್ನು ಮರುಪರಿಶೀಲಿಸಿ ನಿರಾಕರಿಸಿದರು. ಈ ಚರ್ಚೆಗೆ ಧಾರವಾಡ ಸೀಮೆಯ ಎರಡು ಪದಗಳು ಬೆಳಕು ಕೊಡಬಲ್ಲವು. ಒಂದು ‘ಗದ್ದುಗೆ’. ಅದು ಅರಸನ ಆಸನ, ಗುರುವಿನ ಪೀಠ, ಗುರುವಿನ ಸಮಾಧಿ, ದೇವಿ ನೆಲೆಗೊಂಡ ಕಟ್ಟೆ. ಕೆಲವು ಗದ್ದುಗೆಗಳು ಸಮಾಧಿಗಳೆಂಬ ಕಾರಣಕ್ಕೆ ಎಲ್ಲ ಗದ್ದುಗೆಗಳನ್ನೂ ಸಮಾಧಿಗಳೆನ್ನಲು ಬರುವುದಿಲ್ಲ. ಇನ್ನೊಂದು ‘ಗುಡ್ಡ’. ಈ ಭಾಗದ ಮನೆಯೊಂದರಲ್ಲಿ ‘ಗುಡ್ಡಕ್ಕ ಹೋಗಿ ಬಂದ್ವಿ’ ಎಂದರೆ ಸವದತ್ತಿಯ ಎಲ್ಲಮ್ಮನ ದರ್ಶನವಾಯಿತೆಂದೇ ಅರ್ಥ. ಭೂರೂಪದ ಪದ ಕ್ಷೇತ್ರದ ಪದವಾಗಿದೆ. ಕೇಳುಗನ ಮನಸ್ಸಿನಲ್ಲಿ ಮೂಡುವುದು ದೇವಿ, ಹರಕೆ, ಜಾತ್ರೆ. ಹೀಬ್ರೂವಿನಲ್ಲಿಯೂ ಇಂಥದೇ ಅರ್ಥಾಂತರ ನಡೆದಿರುವುದು ಸಾಧ್ಯ: ಏರನ್ನು ಸೂಚಿಸುತ್ತಿದ್ದ ಪದವು ಪೂಜೆಯ ಜಗಲಿಗೆ ಹೆಸರಾಗಿ, ಬಳಿಕ ಏರಿನ ಹಂಗನ್ನು ತೊರೆದಿದೆ.

ಕನ್ನಡ ಬೈಬಲಿನ ಓದುಗರಿಗೆ ಬಾಮಾ ಪರಿಚಿತವಾಗಿರುವುದು ‘ಉನ್ನತಸ್ಥಳ’, ‘ಪೂಜಾಸ್ಥಳ’ ಎಂಬ ರೂಪಗಳಲ್ಲಿ. ಮೊದಲನೆಯದು ಯುರೋಪಿನ ಅನುವಾದಗಳ ಎತ್ತರವನ್ನೇ ಉಳಿಸಿಕೊಂಡಿದೆ. ಎರಡನೆಯದು ಕಾರ್ಯವನ್ನು ಹಿಡಿದಿರುವುದರಿಂದ ಭಾಷಿಕವಾಗಿ ಹೆಚ್ಚು ಸಮರ್ಪಕ. ಆದರೆ ಅದರಲ್ಲಿ ಬೇರೊಂದು ತೊಡಕಿದೆ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಾಗ ‘ಪೂಜೆ’ ಇಲ್ಲಿ ಗುಡಿಯ ನಿತ್ಯದ ಮಾತಾಗಿತ್ತು. ಅರಸನು ‘ಪೂಜಾಸ್ಥಳ’ಗಳನ್ನು ಕೆಡವಿದನೆಂದು ಇಲ್ಲಿಯ ಓದುಗ ಓದಿದರೆ, ಅವು ಅನ್ಯರ ಗುಡಿಗಳೆಂದೂ ಕೆಡವಿದ್ದು ಅನ್ಯಧರ್ಮವನ್ನೆಂದೂ ಭಾವಿಸುವುದು ಸಹಜ.

ಮೂಲ ಗ್ರಂಥವು ಹೇಳುವುದು ಇದಕ್ಕಿಂತ ಜಟಿಲವಾದ ಸಂಗತಿಯನ್ನು. ಅನ್ಯದೇವತೆಗಳ ಬಾಮೋತ್‌ಗಳಿದ್ದವು, ನಿಜ. ಆದರೆ ಸಮುವೇಲನು ಯಜ್ಞವನ್ನು ಆಶೀರ್ವದಿಸಿ, ಸುಮಾರು 30 ಅತಿಥಿಗಳ ನಡುವೆ ಸೌಲನಿಗೆ ಊಟ ಬಡಿಸಿಸಿದ್ದು ಬಾಮಾದಲ್ಲಿ. ಸೊಲೊಮೋನನಿಗೆ ಯೆಹೋವನು ಕನಸಿನಲ್ಲಿ ಕಾಣಿಸಿಕೊಂಡದ್ದು ಗಿಬ್ಯೋನಿನ ಬಾಮಾದಲ್ಲಿ. ಕ್ರಿ.ಪೂ. 8ನೆಯ ಶತಮಾನದ ಕೊನೆಯಲ್ಲಿ ಹಿಜ್ಕೀಯನೂ ಕ್ರಿ.ಪೂ. 622ರ ಸುಮಾರಿಗೆ ಯೋಷೀಯನೂ ಆರಾಧನೆಯನ್ನು ಯೆರೂಸಲೇಮಿನ ಒಂದೇ ಆಲಯಕ್ಕೆ ಸೀಮಿತಗೊಳಿಸಲು ಬಾಮೋತ್‌ಗಳನ್ನು ಇಲ್ಲವಾಗಿಸಿದರೆಂದು ಅರಸುಗಳ ಗ್ರಂಥ ತಿಳಿಸುತ್ತದೆ. ಬೇರ್ಷೆಬದ ಕೊಂಬುಳ್ಳ ಬಲಿಪೀಠದ ಕಲ್ಲುಗಳು ಉಗ್ರಾಣದ ಗೋಡೆಯಲ್ಲಿ ಮರುಬಳಕೆಯಾಗಿ ದೊರೆತಿವೆ. ಅದನ್ನು ಹಿಜ್ಕೀಯನ ಸುಧಾರಣೆಗೆ ಜೋಡಿಸುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಗ್ರಂಥದ ಒಂದು ವಿವರ ಸ್ಪಷ್ಟ: ಬಾಮೋತ್‌ಗಳಿಂದ ಕರೆತರಲ್ಪಟ್ಟ ಯೆಹೂದದ ಯಾಜಕರು ಯೆರೂಸಲೇಮಿನ ಬಲಿಪೀಠವನ್ನು ಏರುವಂತಿರಲಿಲ್ಲ; ಆದರೂ ತಮ್ಮ ಸಹೋದರರ ನಡುವೆ ಹುಳಿಯಿಲ್ಲದ ರೊಟ್ಟಿಯನ್ನು ತಿನ್ನುತ್ತಿದ್ದರು. ಗ್ರಂಥಕಾರನ ಕಣ್ಣಿಗೂ ಅವರು ಹೊರಗಿನವರಲ್ಲ. ಇಲ್ಲಿ ಸೆಣಸಿದವು ರಾಜಧಾನಿಯ ಆಲಯ ಮತ್ತು ಊರ ಆಲಯ. ದೇವರು ಬಹುಮಟ್ಟಿಗೆ ಒಬ್ಬನೇ.

ಆದ್ದರಿಂದ ಕನ್ನಡದ ಇತಿಹಾಸ ಬರವಣಿಗೆಯಲ್ಲಿ ‘ಬಾಮಾ’ ಪದವನ್ನು ಹಾಗೆಯೇ ಉಳಿಸಿಕೊಂಡು, ‘ಪೂಜೆಗಾಗಿ ಕಟ್ಟಿದ ಜಗಲಿ ಅಥವಾ ಆಲಯ’ ಎಂದು ವಿವರಿಸುವುದು ಸೂಕ್ತ. ಆಗ ಸಮುವೇಲನು ಹರಸಿದ್ದಕ್ಕೂ ಯೋಷೀಯನು ಕೆಡವಿದ್ದಕ್ಕೂ ಹೆಸರು ಒಂದೇ ಎಂಬುದು ಓದುಗನಿಗೆ ಕಾಣುತ್ತದೆ. ಗೆದ್ದವರು ಬರೆದ ಗ್ರಂಥದಲ್ಲಿಯೂ ಸೋತವರ ಭಕ್ತಿಯ ಗುರುತು ಆ ಒಂದು ಪದದಲ್ಲಿ ಉಳಿದಿದೆ. ಅದನ್ನು ಅಳಿಸದಿರುವುದು ಅನುವಾದಕನ ಕರ್ತವ್ಯ.