ಆದವಾನಿ ಜಮಖಾನೆ

ಆಂಧ್ರಪ್ರದೇಶದ ಆದವಾನಿಯಲ್ಲಿ (ಆದೋನಿ) ನೇಯುತ್ತಿದ್ದ ಹತ್ತಿಯ ನೆಲಹಾಸು. 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರುವವರೆಗೂ ಈ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಹಾಗಾಗಿ ಬಳ್ಳಾರಿ ಸೀಮೆಯ ನೇಯ್ಗೆಯ ಚರಿತ್ರೆಯಲ್ಲಿ ಈ ಜಮಖಾನೆಯನ್ನು ಬಿಡುವಂತಿಲ್ಲ.

ತಾಳೀಕೋಟೆ ಯುದ್ಧದ ಬಳಿಕ, 1568ರಲ್ಲಿ, ಆದವಾನಿ ವಿಜಯಪುರದ ಆದಿಲಶಾಹಿಗಳ ವಶವಾಯಿತು. ಆ ಆಸ್ಥಾನಕ್ಕೆ ಪಾರಸಿ ನುಡಿ, ಇರಾನಿನ ಅಭಿರುಚಿ ಎರಡೂ ಒಗ್ಗಿದ್ದವು. ವಿಜಯಪುರದ ಅಸಾರ್ ಮಹಲಿನ ಹಳೆಯ ರತ್ನಗಂಬಳಿಗಳನ್ನು ಈಗ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಹಾಗೆಂದು ಜಮಖಾನೆಯನ್ನು ಇರಾನಿನ ನಕಲೆಂದರೆ ನೇಕಾರರಿಗೆ ಅನ್ಯಾಯವಾಗುತ್ತದೆ. ಹೋಲಿಕೆಗೆ ಪಶ್ಚಿಮ ಇರಾನಿನ ಕುರ್ದ ನೇಕಾರರನ್ನು ನೋಡಿ: ಅವರಿಗೆ ಕುರಿಯ ಉಣ್ಣೆಯೇ ಆಧಾರ. ಅಲ್ಲಿನ ಬಿಜಾರ್ ಊರಿನವರು ಹೊಕ್ಕೆಳೆಯನ್ನು ಬಲವಾಗಿ ಬಡಿದು ಕೂರಿಸುತ್ತಿದ್ದರು. ಅವರ ಗಂಟಿನ ರತ್ನಗಂಬಳಿ ಮಡಿಸಲಾರದಷ್ಟು ಬಿಗಿ. ಸೆನ್ನೆಯಲ್ಲಿ (ಇಂದಿನ ಸನಂದಜ್) ಗಂಟಿಲ್ಲದ ಕಿಲೀಮನ್ನೂ ನೇಯ್ದರು. ಜಮಖಾನೆ ಕಿಲೀಮಿನ ಕಡೆಯ ನೆಂಟ: ಗಂಟಿಲ್ಲ, ಜುಂಗಿಲ್ಲ, ಬಣ್ಣದ ನೂಲಿನ ಪಟ್ಟೆಗಳೇ ಅದರ ಅಂದ. ಆದರೆ ನೂಲು ಸುತ್ತಲಿನ ಎರೆಹೊಲದ ಹತ್ತಿಯದು. ಈ ಸೀಮೆಯ ಉಣ್ಣೆ ಕುರುಬರ ಕಂಬಳಿಗೆ ಹೋಗುತ್ತಿತ್ತು. ಬೇಸಿಗೆಯ ಬಿಸಿಲಿಗೆ ಕೂರಲು ಹತ್ತಿಯೇ ಹಿತ.

ಇರಾನಿನ ಹಳೆಯ ಮನೆಗಳಲ್ಲಿ ನಡುವಿನ ದೊಡ್ಡ ಹಾಸಿನ ಎರಡೂ ಬದಿಗೆ 'ಕೆನಾರೆ' ಎಂಬ ಕಿರಿದಾದ ಉದ್ದ ಹಾಸುಗಳಿರುತ್ತಿದ್ದವು. ನಮ್ಮಲ್ಲಿ ಉದ್ದನೆಯ ಜಮಖಾನೆಯದು ಬೇರೆಯೇ ಬಾಳು. ಮದುವೆಯ ಚಪ್ಪರದಲ್ಲಿ, ಭಜನೆಯಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ ಹತ್ತಾರು ಜನರನ್ನು ಒಂದೇ ಸಾಲಿನಲ್ಲಿ ಕೂರಿಸುವುದು ಅದರ ಕೆಲಸ.

1871ರಲ್ಲಿ ಮದರಾಸು–ರಾಯಚೂರು ರೈಲುಮಾರ್ಗ ಪೂರ್ಣಗೊಂಡ ಮೇಲೆ ಆದವಾನಿಯ ಹತ್ತಿಗೆ ದೂರದ ಪೇಟೆಗಳು ತೆರೆದವು. ಹಿಂಜುವ, ಅಂಡಿಗೆ ಒತ್ತುವ ಕಾರ್ಖಾನೆಗಳು ಬಂದವು. ಆದರೂ 1911ರ ಬ್ರಿಟಾನಿಕ ವಿಶ್ವಕೋಶ ಊರಿನ ಉತ್ಪನ್ನಗಳಲ್ಲಿ ಮೊದಲು ಹೆಸರಿಸಿದ್ದು ನೆಲಹಾಸುಗಳನ್ನೇ. ಇಂದು ಆದವಾನಿ ಎಂದರೆ ಹತ್ತಿ ಮಾರುಕಟ್ಟೆ.

ಜಮಖಾನೆಯ ಇನ್ನೊಂದು ಕವಲು ಧಾರವಾಡ ಜಿಲ್ಲೆಯ ನವಲಗುಂದದಲ್ಲಿದೆ. ವಿಜಯಪುರದಿಂದ ಬಂದವರೆಂದು ಹೇಳಿಕೊಳ್ಳುವ ಮುಸ್ಲಿಂ ಕುಟುಂಬಗಳ ಹೆಣ್ಣುಮಕ್ಕಳು ಅಲ್ಲಿ ನಿಲುವು ಮಗ್ಗದಲ್ಲಿ ಪಗಡೆ, ನವಿಲುಗಳ ವಿನ್ಯಾಸ ನೇಯುತ್ತಾರೆ. ಅವರ ಜಮಖಾನೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ.