ಹೆಸರು ಕಳೆದುಕೊಂಡ ಮೈಸೂರಿನ ಮುಖಗಳು

ವಿದೇಶದ ಹರಾಜಿನಲ್ಲಿ ಇನ್ನೂರು ವರ್ಷ ಹಳೆಯ ಚಾಕ್ ಚಿತ್ರವೊಂದು ಮಾರಾಟಕ್ಕೆ ಬಂತು ಅಂದುಕೊಳ್ಳಿ. ಒಂದು ಹಾಳೆ, ಅದರಲ್ಲೊಂದು ಮುಖ. ಕೊಳ್ಳುವವರು ಮೊದಲು ಕೇಳುವುದು ಎರಡೇ ಪ್ರಶ್ನೆ: ಬರೆದವರು ಯಾರು? ಈ ಮುಖ ಯಾರದು? ಮೊದಲನೆಯದಕ್ಕೆ ಅಲ್ಲಿನ ತಜ್ಞರು ಉತ್ತರ ಹೇಳುತ್ತಾರೆ. ಎರಡನೆಯದಕ್ಕೆ ಕೆಲವು ಸಲ ಮೈಸೂರಿನ ಚರಿತ್ರೆಯನ್ನೇ ಕೆದಕಬೇಕಾಗುತ್ತದೆ.

ಚಾಕ್ ಅಂದರೆ ಶಾಲೆಯ ಬೋರ್ಡಿನ ಸೀಮೆಸುಣ್ಣ ಅಲ್ಲ. ಹಳೆಯ ಯುರೋಪಿನ ಕಲಾವಿದರ ಕಪ್ಪು ಚಾಕ್ ನೆಲದಿಂದ ತೆಗೆದ ಮೆತ್ತನೆಯ ಕಲ್ಲು. ಕೆಂಪು ಚಾಕ್ ಹೆಚ್ಚುಕಡಿಮೆ ನಮ್ಮ ಕಾವಿಕಲ್ಲೇ. ಬಣ್ಣದ ಕಾಗದದ ಮೇಲೆ ಕಪ್ಪಿನಲ್ಲಿ ಮುಖ ಬರೆದು, ಹಣೆ, ಮೂಗಿನ ತುದಿ ಹೊಳೆಯಬೇಕಾದ ಕಡೆ ಬಿಳಿ ತೀಡುತ್ತಿದ್ದರು. ಎಣ್ಣೆಬಣ್ಣದ ಚಿತ್ರಕ್ಕೆ ಮತ್ತೆ ಮತ್ತೆ ಬಂದು ಕೂರಬೇಕು. ಇದು ಬೇಗ ಮುಗಿಯುತ್ತದೆ. ಎದುರಿಗೆ ಕೂತವರಿಗೆ ಬಿಗಿದುಕೊಳ್ಳಲು ಸಮಯವೇ ಇರುವುದಿಲ್ಲ, ಅದಕ್ಕೇ ನನಗೆ ದೊಡ್ಡ ಚಿತ್ರಗಳಿಗಿಂತ ಇವೇ ಇಷ್ಟ.

ಇಂಥ ಚಿತ್ರಗಳನ್ನು ನಮ್ಮ ಸೀಮೆಗೆ ತಂದವನು ಥಾಮಸ್ ಹಿಕಿ. 1741ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿ, 1824ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದ ದೊಡ್ಡ ಚಿತ್ರಗಳನ್ನು ಬರೆಯುವ ಆಸೆಯಿಂದ ಅದರಲ್ಲಿದ್ದ ಅಧಿಕಾರಿಗಳ ಮುಖಗಳನ್ನು ಚಾಕ್‌ನಲ್ಲಿ ಬರೆದಿಟ್ಟುಕೊಂಡ. ಅಂಥ ಐವತ್ತಕ್ಕೂ ಹೆಚ್ಚು ಚಿತ್ರಗಳು ಇಂಗ್ಲೆಂಡಿನ ಸ್ಟ್ರ್ಯಾಟ್‌ಫೀಲ್ಡ್ ಸೇ ಎಂಬ ಬಂಗಲೆಯಲ್ಲಿವೆ. ಅದು ವೆಲಿಂಗ್ಟನ್ ಡ್ಯೂಕ್ ಮನೆತನದ್ದು. ಆ ಡ್ಯೂಕ್ ಬೇರೆ ಯಾರೂ ಅಲ್ಲ, ಟಿಪ್ಪುವಿನ ನಂತರ ದರಿಯಾ ದೌಲತ್‌ನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ.

ಆ ಕಟ್ಟು ಒಂದೇ ಮನೆಯಲ್ಲಿ ಉಳಿಯಿತು. ಒಂಟಿಯಾಗಿ ಹೋದ ಚಿತ್ರಗಳ ಪಾಡು ಬೇರೆ.

1805ರ ಸುಮಾರಿಗೆ ಹಿಕಿ ಮೂವರು ಹೆಂಗಸರ ಚಿತ್ರ ಬರೆದ. ಇದು ಚಾಕ್ ಅಲ್ಲ, ಎಣ್ಣೆಬಣ್ಣ. ಇವರು ನರ್ತಕಿಯರು ಇರಬೇಕು ಎಂದೇ ಬಹಳ ಕಾಲ ನಂಬಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಬೇರೆ ಮಾತು ಹೇಳಿದರು: ಇವರು ಮೈಸೂರು ಅರಮನೆಯ ಹೆಂಗಸರು. ಬಲಗಡೆ ಇರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೆರಗಿನಲ್ಲಿ ಮುಚ್ಚಿರಬೇಕಾದ ಎಡತೋಳನ್ನು ತೆರೆದಿರುವುದು ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡ ಜಾಗ ತೋರಿಸಲು ಎಂಬುದು ಅವರ ವಾದ. ಭಾರತಕ್ಕೆ ಆ ಲಸಿಕೆ ಬಂದದ್ದು 1802ರಲ್ಲಿ, ಮೊದಲು ಮುಂಬೈಗೆ. ಜನ ಹೆದರುತ್ತಿದ್ದ ಕಾಲ. ರಾಣಿಯೇ ಹಾಕಿಸಿಕೊಂಡರು ಅಂತ ತೋರಿಸಿದರೆ ಧೈರ್ಯ ಬರುತ್ತದಲ್ಲ?

2007ರಲ್ಲಿ ಸೋದಬೀಸ್ ಹರಾಜು ಸಂಸ್ಥೆ ಈ ಚಿತ್ರವನ್ನು ಮಾರಾಟಕ್ಕೆ ಇಟ್ಟಿತು. ನರ್ತಕಿಯರ ಚಿತ್ರಕ್ಕೂ ಲಸಿಕೆ ಹಾಕಿಸಿಕೊಂಡ ರಾಣಿಯ ಚಿತ್ರಕ್ಕೂ ಕ್ಯಾನ್ವಾಸ್ ಒಂದೇ, ಬಣ್ಣ ಒಂದೇ. ಕೊಳ್ಳುವವರ ಕಣ್ಣಿಗೆ ಮಾತ್ರ ಎರಡೂ ಒಂದೇ ಅಲ್ಲ.

ನಮ್ಮ ಕಡೆ ಹಳೆ ಮನೆಗಳ ಅಟ್ಟದಲ್ಲೂ ಹೆಸರಿಲ್ಲದ ಚಿತ್ರಗಳಿವೆ. ನೂರು ವರ್ಷ ದಾಟಿದ ಚಿತ್ರ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ. ಅಂಥದ್ದನ್ನು ನಾವು ನೀವು ಹೊರದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಗುಜರಿಯವರು ಫ್ರೇಮಿನ ಆಸೆಗೆ ಕೇಳಿದರೆ ಕೊಡುವ ಮೊದಲು, ಮನೆಯ ಅಜ್ಜಿಯನ್ನು ಒಂದು ಸಲ ಕೇಳಿ: ಇವರು ಯಾರು?