ಸೋಡಾ ಯಂತ್ರ

ಸೋಡಾ ಯಂತ್ರ: ನೀರಿನಲ್ಲಿ ಅಥವಾ ಇತರ ಪಾನೀಯಗಳಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಒತ್ತಡ ಹೇರಿ ಕರಗಿಸುವ ಸಲಕರಣೆ. ಕೈಯಲ್ಲಿ ತಿರುಗಿಸುವ ಗೋಲಿ ಸೋಡಾ ಯಂತ್ರ, ಅಂಗಡಿಗಳ ಫೌಂಟನ್ ಯಂತ್ರ, ಅಡುಗೆಕಟ್ಟೆಯ ಮೇಲೆ ಕೂರುವ ಪುಟ್ಟ ಯಂತ್ರ, ಕಾರ್ಖಾನೆಯ ಬಾಟಲಿ ತುಂಬುವ ಸಾಲು ಎಲ್ಲವೂ ಈ ಹೆಸರಿನಡಿ ಬರುತ್ತವೆ. ಇವು ಒಂದರ ನಂತರ ಒಂದು ಹುಟ್ಟಿದವಾದರೂ ಹೊಸದು ಬಂದಾಗ ಹಳೆಯದು ಪೂರ್ತಿ ಅಳಿಯಲಿಲ್ಲ. ದಕ್ಷಿಣ ಬೆಂಗಳೂರಿನ ಬಿಟಿಎಂ ಲೇಔಟಿನಂಥ ಬಡಾವಣೆ ಇದಕ್ಕೆ ಒಳ್ಳೆಯ ಉದಾಹರಣೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರ ಹೊತ್ತ ಈ ಬಡಾವಣೆಯಲ್ಲಿ ಹಳೆಯ ಹಳ್ಳಿಯ ಓಣಿಗಳೂ ಐಟಿ ಹುಡುಗರ ಪಿಜಿಗಳೂ ಅಪಾರ್ಟ್‌ಮೆಂಟುಗಳೂ ಒತ್ತೊತ್ತಾಗಿವೆ. ಹೀಗಾಗಿ ತಳ್ಳುಗಾಡಿಯ ನಿಂಬೆ ಸೋಡಾದಿಂದ ಮನೆಯಲ್ಲೇ ಗ್ಯಾಸ್ ತುಂಬಿಕೊಳ್ಳುವ ಹವ್ಯಾಸದವರೆಗೆ ಎಲ್ಲ ಕಾಲದ ಸೋಡಾಕ್ಕೂ ಇಲ್ಲಿ ಗಿರಾಕಿ ಉಂಟು.

ಈ ಯಂತ್ರಗಳೆಲ್ಲ ನಂಬಿರುವುದು ಒಂದೇ ನಿಯಮವನ್ನು. ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಮೇಲಿರುವ ಆ ಅನಿಲದ ಒತ್ತಡಕ್ಕೆ ಅನುಗುಣವಾಗಿರುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿದ. ಇದರ ಜೊತೆಗೆ ತಣ್ಣಗಿದ್ದಷ್ಟೂ ನೀರು ಹೆಚ್ಚು ಅನಿಲ ಹಿಡಿಯುತ್ತದೆ. ಸಾಮಾನ್ಯ ವಾಯುಭಾರದಲ್ಲಿ 0 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಅನಿಲವನ್ನು ಕರಗಿಸಿಕೊಂಡರೆ, 25 ಡಿಗ್ರಿಯಲ್ಲಿ ಅದು ಸುಮಾರು 0.76 ಲೀಟರಿಗೆ ಇಳಿಯುತ್ತದೆ. ಖಾರವಾದ ಸೋಡಾ ಎಂದರೆ ಒಂದು ಲೀಟರ್ ನೀರಿನಲ್ಲಿ ಸುಮಾರು ನಾಲ್ಕು ಲೀಟರ್ ಅನಿಲ, ತೂಕದಲ್ಲಿ ಹೆಚ್ಚುಕಡಿಮೆ 8 ಗ್ರಾಂ. ಫ್ರಿಜ್ಜಿನ 4 ಡಿಗ್ರಿ ನೀರಿಗೆ ಇಷ್ಟು ಅನಿಲ ತುಂಬಲು ಮಾಪಕ 1.7 ಬಾರ್ ತೋರಿಸಿದರೆ ಸಾಕು. ಬೇಸಿಗೆಯ 27 ಡಿಗ್ರಿಯ ನಲ್ಲಿ ನೀರಿಗೆ 4.5 ಬಾರ್ ಬೇಕು. ತಣ್ಣೀರು ಬಳಸುವವನಿಗೆ ಅರ್ಧಕ್ಕಿಂತ ಕಡಿಮೆ ಒತ್ತಡದಲ್ಲಿ ಕೆಲಸ ಮುಗಿಯುತ್ತದೆ. ಒತ್ತಡ, ತಂಪು ಎರಡೂ ಇದ್ದರೂ ನೀರನ್ನು ಅಲುಗಾಡಿಸದಿದ್ದರೆ ಅನಿಲ ಮೇಲ್ಮೈಯಿಂದ ಒಳಗಿಳಿಯಲು ದಿನಗಟ್ಟಲೆ ಹಿಡಿಯುತ್ತದೆ. ಕುಲುಕಿದರೆ ನಿಮಿಷದೊಳಗೆ ಮುಗಿಯುತ್ತದೆ. ಯಂತ್ರ ಎಷ್ಟೇ ದುಬಾರಿಯಾಗಿರಲಿ, ಅದು ಮಾಡುವುದು ಇಷ್ಟನ್ನೇ: ಒತ್ತುವುದು, ತಣಿಸುವುದು, ಕದಡುವುದು.

ಬೆಂಗಳೂರಿಗೆ ಒಂದು ಚಿಕ್ಕ ತಿದ್ದುಪಡಿ ಬೇಕು. ಒತ್ತಡದ ಕೋಷ್ಟಕಗಳನ್ನು ಬರೆದಿರುವುದು ಸಮುದ್ರಮಟ್ಟಕ್ಕೆ. ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ವಾಯುಭಾರ ಸುಮಾರು 0.1 ಬಾರ್ ಕಡಿಮೆ. ಮಾಪಕ ತೋರಿಸುವುದು ಸುತ್ತಲಿನ ಗಾಳಿಗಿಂತ ಹೆಚ್ಚಿರುವ ಒತ್ತಡವನ್ನು ಮಾತ್ರವಾದ್ದರಿಂದ, ಕೋಷ್ಟಕದ ಅಂಕಿಗೆ ಆ 0.1 ಬಾರನ್ನು ಕೂಡಿಸಿಕೊಳ್ಳಬೇಕು. ಬಿಯರ್ ತಯಾರಕರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸೋಡಾ ಕುಡಿಯುವವರ ನಾಲಿಗೆಗೆ ಅದು ತಿಳಿಯುವುದು ಅನುಮಾನ.

ಕೃತಕ ಸೋಡಾನೀರಿನ ಕಥೆ ಶುರುವಾದದ್ದು ಬಿಯರ್ ತೊಟ್ಟಿಯ ಮೇಲೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ತನ್ನ ಮನೆಯ ಪಕ್ಕದ ಬಿಯರ್ ತಯಾರಿಕಾ ಘಟಕದಲ್ಲಿ, ಹುದುಗುವ ತೊಟ್ಟಿಯ ಮೇಲೆ ನಿಂತಿದ್ದ ಅನಿಲದಲ್ಲಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಅದಕ್ಕೆ ಹುಳಿಚುಚ್ಚು ಬರಿಸಿದ. ವಿಧಾನವನ್ನು 1772ರಲ್ಲಿ ಪ್ರಕಟಿಸಿದ. ಅದರಿಂದ ದುಡ್ಡು ಮಾಡಿದವನು ಬೇರೆ. ಯಾಕೋಬ್ ಶ್ವೆಪ್ಪೆ 1783ರಲ್ಲಿ ಜಿನೀವಾದಲ್ಲಿ ಉದ್ಯಮ ಆರಂಭಿಸಿ 1792ರಲ್ಲಿ ಅದನ್ನು ಲಂಡನ್ನಿಗೆ ಒಯ್ದ. ಆ ಕಾಲದಲ್ಲಿ ಸಿಲಿಂಡರ್ ಇರಲಿಲ್ಲ. ಸೀಮೆಸುಣ್ಣದ ಮೇಲೆ ಗಂಧಕಾಮ್ಲ ಸುರಿದು ಅನಿಲ ಎಬ್ಬಿಸಿ, ತೊಳೆದು, ಪಂಪಿನಿಂದ ನೀರಿಗೆ ಸೇರಿಸುತ್ತಿದ್ದರು. ಬ್ರಿಟಿಷರ ಜೊತೆ ಈ ಪಾನೀಯ ಭಾರತದ ದಂಡುಪ್ರದೇಶಗಳಿಗೆ ಬಂತು. ಊರ ನೀರನ್ನು ನಂಬದ ಸೈನಿಕನಿಗೂ ವಿಸ್ಕಿಗೆ ಜೊತೆ ಬೇಕಿದ್ದ ಅಧಿಕಾರಿಗೂ ಅದು ಬೇಕಾಗಿತ್ತು.

ಸೋಡಾ ದಂಡಿನಿಂದ ಪೇಟೆಗೂ ಸಂತೆಗೂ ದಾಟಿದ್ದು ಬಾಟಲಿಯ ದೆಸೆಯಿಂದ. ಇಂಗ್ಲೆಂಡಿನ ಹೈರಂ ಕಾಡ್ 1870ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ಬಾಟಲಿಗೆ ಕಾರ್ಕೂ ಬೇಡ, ಮುಚ್ಚಳವೂ ಬೇಡ. ಕತ್ತಿನೊಳಗೆ ಒಂದು ಗಾಜಿನ ಗೋಲಿ, ಬಾಯಿಯ ಒಳಅಂಚಿನಲ್ಲಿ ಒಂದು ರಬ್ಬರ್ ವಾಷರ್. ಒಳಗಿನ ಅನಿಲವೇ ಗೋಲಿಯನ್ನು ವಾಷರಿಗೆ ಒತ್ತಿ ಬಾಯಿ ಮುಚ್ಚುತ್ತದೆ. ಕತ್ತಿನಲ್ಲಿರುವ ತಗ್ಗು ಅಲಂಕಾರಕ್ಕಲ್ಲ: ಬಾಟಲಿಯನ್ನು ಸರಿಯಾದ ಮಗ್ಗುಲಿಗೆ ಬಗ್ಗಿಸಿದರೆ ಗೋಲಿ ಆ ತಗ್ಗಿಗೆ ಸಿಕ್ಕಿ ನಿಲ್ಲುತ್ತದೆ, ತಪ್ಪಾಗಿ ಬಗ್ಗಿಸಿದರೆ ಉರುಳಿಬಂದು ಧಾರೆ ಕಟ್ಟುತ್ತದೆ. 1892ರಲ್ಲಿ ವಿಲಿಯಂ ಪೇಂಟರ್ ಅಮೆರಿಕದಲ್ಲಿ ತಗಡಿನ ಕ್ರೌನ್ ಮುಚ್ಚಳ ಕಂಡುಹಿಡಿದ ಮೇಲೆ ಪಶ್ಚಿಮದ ದೇಶಗಳು ಕಾಡ್‌ನ ಬಾಟಲಿಯನ್ನು ಕೈಬಿಟ್ಟವು. ಅದು ಉಳಿದದ್ದು ಮುಖ್ಯವಾಗಿ ಭಾರತದಲ್ಲಿ ಮತ್ತು ರಾಮುನೆ ಎಂಬ ಪಾನೀಯ ಕುಡಿಯುವ ಜಪಾನಿನಲ್ಲಿ. ಕ್ರೌನ್ ಮುಚ್ಚಳಕ್ಕೆ ಪ್ರತಿ ಸಲ ಹೊಸ ತಗಡು, ಮುಚ್ಚಲು ಬೇರೆ ಯಂತ್ರ ಬೇಕು. ಗೋಲಿ ಬಾಟಲಿಗೆ ಒಮ್ಮೆ ಹೂಡಿದ ಬಂಡವಾಳ ವರ್ಷಗಟ್ಟಲೆ ತಿರುಗುತ್ತದೆ. ಬಡ ವ್ಯಾಪಾರಿ ಗೋಲಿಗೆ ಅಂಟಿಕೊಂಡದ್ದನ್ನು ಹಳೆಯ ಕಾಲದ ಮೋಹ ಎಂದು ಇಂದಿನ ಜಾಹೀರಾತುಗಳು ಬಣ್ಣಿಸುತ್ತವೆ. ಅದರ ಹಿಂದಿದ್ದದ್ದು ಶುದ್ಧ ಲೆಕ್ಕಾಚಾರ.

ಗೋಲಿ ಸೋಡಾ ಯಂತ್ರದ ರಚನೆ ಸರಳ. ಗಟ್ಟಿ ಚೌಕಟ್ಟಿನ ನಡುವೆ ಅಚ್ಚಿನ ಮೇಲೆ ತಿರುಗುವ ಒಂದು ಪೆಟ್ಟಿಗೆ. ಅದರಲ್ಲಿ ಎರಡೋ ಮೂರೋ ಬಾಟಲಿಗೆ ಗೂಡು. ಪಕ್ಕದಲ್ಲಿ ತಿರುಗಿಸುವ ಹಿಡಿ. ಸಿಲಿಂಡರಿನಿಂದ ಬರುವ ಅನಿಲದ ಕೊಳವೆ. ತೊಳೆದ ಬಾಟಲಿಗೆ ನೀರು ತುಂಬಿ, ಕಲರ್ ಸೋಡಾ ಆದರೆ ತಳಕ್ಕೆ ಪಾಕ ಬಿಟ್ಟು, ಗೂಡಿನಲ್ಲಿ ಕೂರಿಸಿ ಬಾಯಿಯನ್ನು ಕೊಳವೆಗೆ ಬಿಗಿಯುತ್ತಾರೆ. ಗ್ಯಾಸ್ ಬಿಟ್ಟು ಹಿಡಿಯನ್ನು ಗರಗರನೆ ಸುತ್ತಿಸುತ್ತಾರೆ. ಬಾಟಲಿ ತಲೆಕೆಳಗಾಗುತ್ತ ಮೇಲಾಗುತ್ತ ನೀರು ಅನಿಲದೊಳಗೆ ಚೆಲ್ಲಾಡುತ್ತದೆ. ಕೊನೆಗೆ ತಲೆಕೆಳಗಾಗಿ ನಿಂತಾಗ ಗೋಲಿ ಉರುಳಿ ವಾಷರಿನ ಮೇಲೆ ಕೂರುತ್ತದೆ, ಒಳಗಿನ ಒತ್ತಡ ಅದನ್ನು ಅಲ್ಲೇ ಹಿಡಿದಿಡುತ್ತದೆ. ಕದಡುವುದು, ಮುಚ್ಚುವುದು ಎರಡೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ, ವಿದ್ಯುತ್ತಿನ ಹಂಗಿಲ್ಲ. ಯಂತ್ರವಿನ್ಯಾಸದ ದೃಷ್ಟಿಯಿಂದ ಇದಕ್ಕಿಂತ ಜಾಣ ಸೋಡಾ ಯಂತ್ರ ಆಮೇಲೆ ಬಂದಿಲ್ಲ ಎನ್ನಬಹುದು.

ಅದರ ದೋಷಗಳೂ ಸಣ್ಣವಲ್ಲ. ಗೋಲಿ ಇರುವ ಕತ್ತಿನೊಳಗೆ ಬ್ರಷ್ ಹೋಗುವುದಿಲ್ಲ, ತೊಳೆಯುವುದು ಕಷ್ಟ. ವಾಷರ್ ಸವೆದರೆ ಗ್ಯಾಸ್ ಸೋರಿ ಸೋಡಾ ಸಪ್ಪೆಯಾಗುತ್ತದೆ. ಹಳೆಯ ಗಾಜು ಒತ್ತಡಕ್ಕೆ ಸಿಡಿಯುವುದುಂಟು. ಬಾಟಲಿಗಳ ಸುತ್ತ ಮುಚ್ಚಿದ ಪೆಟ್ಟಿಗೆ ಇರುವುದು ಆಪರೇಟರನ ಕಣ್ಣು ಉಳಿಸಲು. ಇದೇ ಸಿಡಿಯುವ ಗುಣದಿಂದ ಸೋಡಾ ಬಾಟಲಿ ಗಲಾಟೆಗಳಲ್ಲಿ ಆಯುಧವೂ ಆಯಿತು. ಬೆಂಗಳೂರಿನ ರೌಡಿ ಕಥೆಗಳಲ್ಲಿ ಅದು ಸೈಕಲ್ ಚೈನಿನ ಜೊತೆಗೇ ಬರುತ್ತದೆ.

ಇಂದು ಬಡಾವಣೆಯ ರಸ್ತೆಗಳಲ್ಲಿ ಹೆಚ್ಚು ಕಾಣುವುದು ಫೌಂಟನ್ ಯಂತ್ರ. ಸಾಲು ನಲ್ಲಿಗಳು, ಪ್ರತಿ ನಲ್ಲಿಗೊಂದು ರುಚಿ: ಜೀರಾ, ಬ್ಲೂಬೆರಿ, ಕಾಲಾಖಟ್ಟಾ, ಪನ್ನೀರು. ಹೊರಗೆ ಎಷ್ಟೇ ಬಣ್ಣವಿದ್ದರೂ ಒಳಗಿನ ಹೃದಯ ಒಂದು ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿ, ಹೆಸರು ಕಾರ್ಬೊನೇಟರ್. ತೊಟ್ಟಿಯಲ್ಲಿ ಸಿಲಿಂಡರಿನ ಅನಿಲ ಐದಾರು ಬಾರ್ ಒತ್ತಡದಲ್ಲಿ ಸದಾ ತುಂಬಿರುತ್ತದೆ. ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪಂಪು ತಣ್ಣೀರನ್ನು ಸಣ್ಣ ರಂಧ್ರದ ಮೂಲಕ ಒಳಗೆ ಚಿಮ್ಮಿಸುತ್ತದೆ. ಗೋಲಿ ಯಂತ್ರದ ಹಿಡಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ಚಿಮ್ಮುವಿಕೆ ಮಾಡುತ್ತದೆ. ನೀರಿನ ಮಟ್ಟ ಇಳಿದಾಗ ಸಂವೇದಕ ಪಂಪನ್ನು ಎಬ್ಬಿಸುತ್ತದೆ. ತೊಟ್ಟಿಗೆ ಹೋಗುವ ನೀರಿನ ಕೊಳವೆಯಲ್ಲಿ ಹಿಮ್ಮುಖ ಹರಿವನ್ನು ತಡೆಯುವ ಕವಾಟ ಇರಲೇಬೇಕು. ಸೋಡಾ ನೀರು ಆಮ್ಲೀಯ, ಅದರ ಪಿಎಚ್ ಸುಮಾರು 4. ಅದು ಹಿಂದಕ್ಕೆ ಹರಿದು ತಾಮ್ರದ ಕೊಳವೆ ಸೇರಿದರೆ ತಾಮ್ರ ಕರಗಿ, ಕುಡಿದವರಿಗೆ ವಾಂತಿ ಹೊಟ್ಟೆನೋವು ಬರುತ್ತದೆ. ಹಿತ್ತಾಳೆ, ತಾಮ್ರದ ಭಾಗಗಳನ್ನು ಸೋಡಾ ಹರಿಯುವ ದಾರಿಯಿಂದ ದೂರ ಇಡಬೇಕೆಂಬುದು ಇದಕ್ಕೇ.

ಕರ್ನಾಟಕದ ರುಚಿ ಈ ಯಂತ್ರಕ್ಕೆ ಒಡ್ಡುವ ಒಂದು ವಿಶೇಷ ಸವಾಲಿದೆ. ನಾವು ಸೋಡಾವನ್ನು ಬರಿದೇ ಕುಡಿಯುವುದು ಕಡಿಮೆ. ನಿಂಬೆರಸ, ಉಪ್ಪು, ಮಸಾಲೆಪುಡಿ ಬೇಕು. ಉಪ್ಪಿನ ಪ್ರತಿ ಕಣವೂ ಗುಳ್ಳೆ ಹುಟ್ಟುವ ನೆಲೆ. ಉಪ್ಪು ಬಿದ್ದೊಡನೆ ಲೋಟ ಉಕ್ಕಿ ಕರಗಿದ್ದ ಅನಿಲದ ದೊಡ್ಡ ಪಾಲು ನೊರೆಯಾಗಿ ಹೊರಟುಹೋಗುತ್ತದೆ. ಪಳಗಿದ ಸೋಡಾದವನು ಉಪ್ಪು, ನಿಂಬೆಯನ್ನು ಲೋಟದ ತಳಕ್ಕೆ ಮೊದಲೇ ಹಾಕಿ ಕದಡಿ, ಉಪ್ಪು ಕರಗಿದ ಮೇಲೆ ಸೋಡಾವನ್ನು ಲೋಟದ ಗೋಡೆಗೆ ಜಾರಿಸಿ ಬಿಡುತ್ತಾನೆ. ಉಕ್ಕುವ ಲೋಟವನ್ನು ಗಿರಾಕಿಯ ಮುಂದೆ ಹಿಡಿಯುವುದು ವ್ಯಾಪಾರದ ನಾಟಕ. ಗಂಟಲಿಗೆ ಇಳಿಯಬೇಕಾದ ಚುರುಕು ಅಷ್ಟರಲ್ಲಿ ಮೇಜಿನ ಮೇಲಿರುತ್ತದೆ. ಪುತ್ತೂರಿನ ಬಿಂದು ಜೀರಾದಂಥ ಪಾನೀಯಗಳು ಮಸಾಲೆ ಸೋಡಾವನ್ನೇ ಕಾರ್ಖಾನೆಯ ಬಾಟಲಿಗೆ ಇಳಿಸಿ ಈ ತೊಡಕನ್ನು ದಾಟಿದವು: ಉಪ್ಪು, ಮಸಾಲೆಯ ಸತ್ವ ಮೊದಲೇ ಕರಗಿರುವ ದ್ರವಕ್ಕೆ ಅನಿಲ ಸೇರಿಸಿದರೆ ಉಕ್ಕುವಿಕೆ ಅಷ್ಟಾಗಿ ಇರುವುದಿಲ್ಲ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಏರಿ ಬರುತ್ತದೆ. ಅದು ಸಾಲದ ಕಡೆ ಬೋರ್‌ವೆಲ್, ಟ್ಯಾಂಕರ್. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಸೋಡಾದ ಹುಳಿಯನ್ನು ಮಂಕು ಮಾಡುತ್ತದೆ, ನಿಂಬೆಯ ಚುರುಕನ್ನೂ ತಗ್ಗಿಸುತ್ತದೆ. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ವಾಸನೆ ಗುಳ್ಳೆಯ ಜೊತೆ ನೇರ ಮೂಗಿಗೇರುತ್ತದೆ. ಆದ್ದರಿಂದ ಅಂಗಡಿಯ ಯಂತ್ರಕ್ಕೆ ಇದ್ದಿಲಿನ ಸೋಸುಕ ಅಥವಾ ಆರ್‌ಒ ಜೋಡಿಸುವುದು ವಾಡಿಕೆ.

ಮನೆಯಂತ್ರದ ಮೂಲ ಇಂಗ್ಲೆಂಡಿನ ಗೈ ಗಿಲ್ಬಿ 1903ರಲ್ಲಿ ರೂಪಿಸಿದ ಉಪಕರಣ. ಅದೇ ಮುಂದೆ ಸೋಡಾಸ್ಟ್ರೀಮ್ ಆಯಿತು; 2018ರಲ್ಲಿ ಪೆಪ್ಸಿಕೊ ಅದನ್ನು ಕೊಳ್ಳಲು ಒಪ್ಪಿದ ಬೆಲೆ 320 ಕೋಟಿ ಡಾಲರ್. ಬಾಟಲಿಯನ್ನು ಮೂತಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ನೀರಿನೊಳಗೆ ಇಳಿದ ಕಡ್ಡಿಯ ತುದಿಯಿಂದ ಅನಿಲ ನುಗ್ಗುತ್ತದೆ. ಇದರ ಸಿಲಿಂಡರಿನಲ್ಲಿ ಸುಮಾರು 410 ಗ್ರಾಂ ಅನಿಲವಿರುತ್ತದೆ. 60 ಲೀಟರ್ ವರೆಗೆ ಸೋಡಾ ಬರುತ್ತದೆ ಎಂಬ ಘೋಷಣೆಯಲ್ಲಿ ‘ವರೆಗೆ’ ಎಂಬುದನ್ನು ಒತ್ತಿ ಓದಬೇಕು. ಲೀಟರಿಗೆ 8 ಗ್ರಾಂ ಖಾರ ಬೇಕೆಂದರೆ ಒಂದಿಷ್ಟೂ ಸೋರದಿದ್ದರೂ ಬರುವುದು 51 ಲೀಟರ್. ಪ್ರತಿ ಸಲ ಸುರಕ್ಷಾ ಕವಾಟದಿಂದ ಹೊರಹೋಗುವ ಪಾಲನ್ನು ಕಳೆದರೆ ಇನ್ನೂ ಕಡಿಮೆ. ಇದಕ್ಕೂ ಸರಳವಾದದ್ದು ಸೈಫನ್: ಕ್ಲಬ್ಬುಗಳಲ್ಲಿ, ಹಳೆಯ ಸಿನಿಮಾಗಳಲ್ಲಿ ಕಾಣುವ ಹಿಡಿಯ ಬಾಟಲಿ. 8 ಗ್ರಾಂ ಅನಿಲದ ಒಂದು ಪುಟ್ಟ ಕಾರ್ಟ್ರಿಜ್‌ಗೆ ಒಂದು ಲೀಟರ್ ಸೋಡಾ.

ಕಾರ್ಟ್ರಿಜ್‌ಗಳ ಖರ್ಚು ಕಂಡು ಬೇಸತ್ತ ಹವ್ಯಾಸಿಗಳು ದೊಡ್ಡ ಸಿಲಿಂಡರ್, ರೆಗ್ಯುಲೇಟರ್, ಕೊಳವೆ, ಪೆಟ್ ಬಾಟಲಿಗೆ ಕೂರುವ ವಿಶೇಷ ಮುಚ್ಚಳ ಜೋಡಿಸಿಕೊಳ್ಳುತ್ತಾರೆ. ಬಿಡಿಭಾಗಗಳಿಗೆ ಬೆಂಗಳೂರಿನಲ್ಲಿ ಎಸ್‌ಜೆಪಿ ರಸ್ತೆ ಇದೆ. ತಂಪು ನೀರನ್ನು ಮುಕ್ಕಾಲು ತುಂಬಿ, ಬಾಟಲಿ ಹಿಂಡಿ ಗಾಳಿ ಹೊರಹಾಕಿ, ಆಮೇಲೆ ಅನಿಲ ಬಿಟ್ಟು ಕುಲುಕಬೇಕು. ಗಾಳಿ ಒಳಗುಳಿದರೆ ಮಾಪಕ ಸರಿಯಾದ ಒತ್ತಡ ತೋರಿಸಿದರೂ ಸೋಡಾ ಸಪ್ಪೆಯಾಗುತ್ತದೆ. ತಂಪು ಪಾನೀಯ ತುಂಬಿ ಬಂದ ಪೆಟ್ ಬಾಟಲಿ ಮಾತ್ರ ಈ ಒತ್ತಡ ತಡೆಯುತ್ತದೆ, ಕುಡಿಯುವ ನೀರಿನ ತೆಳು ಬಾಟಲಿ ತಡೆಯುವುದಿಲ್ಲ. ಸಿಲಿಂಡರೂ ಬೇಡವೆನ್ನುವವರಿಗೆ ಅಡುಗೆ ಸೋಡಾ ಇದೆ: 15 ಗ್ರಾಂ ಅಡುಗೆ ಸೋಡಾವನ್ನು ಸುಮಾರು 12 ಗ್ರಾಂ ಸಿಟ್ರಿಕ್ ಆಮ್ಲದೊಡನೆ ಸೇರಿಸಿದರೆ ಬೇಕಾದ 8 ಗ್ರಾಂ ಅನಿಲ ಹುಟ್ಟುತ್ತದೆ. ನೀರಿನಲ್ಲೇ ಬೆರೆಸಿದರೆ ಉಪ್ಪುಪ್ಪಾದ ಔಷಧಿಯ ರುಚಿ. ಬೇರೆ ಬಾಟಲಿಯಲ್ಲಿ ಎಬ್ಬಿಸಿ ಕೊಳವೆಯಲ್ಲಿ ತಂದರೆ ಶ್ವೆಪ್ಪೆಯ ಕಾಲದ ಪದ್ಧತಿಯೇ ಮರಳಿದಂತೆ.

ಅಂಗಡಿಗಳಲ್ಲಿ ಬಳಸುವ ದೊಡ್ಡ ಸಿಲಿಂಡರಿನಲ್ಲಿ ಸುಮಾರು 30 ಕಿಲೋ ಅನಿಲವಿರುತ್ತದೆ, ಬಹುಪಾಲು ದ್ರವರೂಪದಲ್ಲಿ. ರಸಗೊಬ್ಬರ ಕಾರ್ಖಾನೆಗಳ ಅಮೋನಿಯ ಘಟಕ, ಮದ್ಯಸಾರದ ಹುದುಗುತೊಟ್ಟಿಗಳಿಂದ ಹೊರಬರುವ ಅನಿಲವನ್ನೇ ಶುದ್ಧಗೊಳಿಸಿ ಇದಕ್ಕೆ ತುಂಬುತ್ತಾರೆ. ಪಾನೀಯಕ್ಕೆ ಆಹಾರ ದರ್ಜೆಯ ಅನಿಲವೇ ಬೇಕು. ಆಹಾರ ಸೇರ್ಪಡೆಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಐಎನ್‌ಎಸ್ 290. ವೆಲ್ಡಿಂಗಿಗೆಂದು ತುಂಬಿದ ಸಿಲಿಂಡರಿನ ಒಳಗೆ ಎಣ್ಣೆ, ತುಕ್ಕು ಇರಬಹುದು. ಸಿಲಿಂಡರ್ ತುಂಬುವುದು, ಇಡುವುದು, ಪರೀಕ್ಷಿಸುವುದೆಲ್ಲ 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ವ್ಯಾಪ್ತಿಗೆ ಬರುತ್ತದೆ.

ಒಳಗೆ ಎಷ್ಟು ಅನಿಲ ಉಳಿದಿದೆ ಎಂಬುದನ್ನು ಒತ್ತಡದ ಮಾಪಕ ಹೇಳಲಾರದು. ದ್ರವದ ಕೊನೆಯ ಹನಿ ಇರುವವರೆಗೂ 20 ಡಿಗ್ರಿಯಲ್ಲಿ ಮುಳ್ಳು 57 ಬಾರ್ ಆಸುಪಾಸಿನಲ್ಲೇ ನಿಂತು, ಆಮೇಲೆ ದಿಢೀರನೆ ಕುಸಿಯುತ್ತದೆ. ತಕ್ಕಡಿಯಲ್ಲಿ ತೂಗುವುದೊಂದೇ ದಾರಿ. 31 ಡಿಗ್ರಿ ದಾಟಿದರೆ ಸಿಲಿಂಡರಿನೊಳಗೆ ದ್ರವ, ಅನಿಲ ಎಂಬ ಭೇದವೇ ಅಳಿದು ಒತ್ತಡ ಬೇಗ ಬೇಗ ಏರತೊಡಗುತ್ತದೆ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ನೆರಳೇ 34 ಡಿಗ್ರಿ ಮುಟ್ಟುತ್ತದೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಗೂ ಏರಿತ್ತು. ತಳ್ಳುಗಾಡಿಯ ಸಿಲಿಂಡರಿಗೆ ಒದ್ದೆ ಗೋಣಿ ಹೊದಿಸುವ ಹಳೆಯ ರೂಢಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಳಾಂಗಣದಲ್ಲಿ ಅಪಾಯ ಬೇರೆ ಬಗೆಯದು. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ವಾಸನೆಯಿಲ್ಲ, ಸೋರಿದರೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ನಾಲ್ಕು ಮುಟ್ಟಿದರೆ ಜೀವಕ್ಕೆ ಕುತ್ತು. ನೆಲಮಾಳಿಗೆಯಲ್ಲೋ ಕಿಟಕಿಯಿಲ್ಲದ ಉಗ್ರಾಣದಲ್ಲೋ ಸಿಲಿಂಡರ್ ಇಟ್ಟು ಯಂತ್ರ ನಡೆಸುವ ಅಂಗಡಿಗಳು ಸೋರಿಕೆ ಎಚ್ಚರಿಸುವ ಸಂವೇದಕವನ್ನು ತಲೆಯ ಎತ್ತರದಲ್ಲಿ ಹಾಕದೆ ಮೊಣಕಾಲಿನ ಎತ್ತರದಲ್ಲಿ ಹಾಕಬೇಕು.